ಮೇಲಿನಿಂದ ಕಂಡ ನಮ್ಮ ಹೊಲ

ಅಕ್ಕಿಆಲೂರು
18 ನವೆಂಬರ್ 2025, ಮಂಗಳವಾರ

ಪ್ರೀತಿಯ ಅಣ್ಣಾ,

ಮೊದಲು ನಿನ್ನ ಸೊಂಟದ ವಿಚಾರ. ಗಣಪತಿ ಹಬ್ಬದ ಹೊತ್ತಿಗೆ ಬಗ್ಗಲಿಕ್ಕೇ ಆಗುವುದಿಲ್ಲ ಎಂದಿದ್ದೆ, ಈಗ ಹೇಗಿದೆ? ಹುಬ್ಬಳ್ಳಿಯ ಡಾಕ್ಟರು ಕೊಟ್ಟ ಪಟ್ಟಿ ಕಟ್ಟಿಕೊಳ್ಳುತ್ತೀಯೋ, ಇಲ್ಲ ಅದು ಕಾರಿನ ಹಿಂದಿನ ಸೀಟಿನಲ್ಲೇ ಬಿದ್ದಿದೆಯೋ? ವಿದ್ಯಾ ವೈನಿ ಗುಳಿಗೆ ತಪ್ಪಿಸದೆ ತೆಗೆದುಕೊಳ್ಳುತ್ತಿದ್ದಾರೆ ಎಂದುಕೊಂಡಿದ್ದೇನೆ. ಪುಟ್ಟಿಯ ಮುಂದಿನ ಹಲ್ಲು ಬಿದ್ದ ಫೋಟೋವನ್ನು ವೈನಿ ಸ್ಟೇಟಸ್ಸಿಗೆ ಹಾಕಿದ್ದರು. ಅಪ್ಪನಿಗೆ ದೊಡ್ಡದು ಮಾಡಿ ತೋರಿಸಿದೆ, ಇಬ್ಬರೂ ಬಹಳ ನಕ್ಕೆವು. ಅದು ದೀಪಾವಳಿಯ ಮರುದಿನದ ಮಾತು. ಅದಾದ ಮೇಲೆ ಈ ಮನೆಯಲ್ಲಿ ನಗುವಂಥದು ಏನೂ ನಡೆದಿಲ್ಲ.

ಅಪ್ಪ ಹೇಗಿದ್ದಾನೆ ಎಂದು ನೀನು ಕೇಳಿಲ್ಲ, ಆದರೂ ಬರೆಯುತ್ತೇನೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆ. ಬಿದ್ದು ಮುರಿದ ತೊಡೆಯ ಎಲುಬು ಕೂಡಿದೆ, ಆದರೆ ವಾಕರ್ ಬಿಟ್ಟು ಹೆಜ್ಜೆ ಇಡಲಾಗುವುದಿಲ್ಲ. ಮುಂಜಾನೆ ಬಿಸಿಲಿಗೆ ಬಾಗಿಲ ತನಕ ಬಂದು ಕೂರುತ್ತಾನೆ. ಹೋದವರು ಬಂದವರೆಲ್ಲ ಮಾತಾಡಿಸುತ್ತಾರೆ. ಮೊದಲು ಎಲ್ಲರಿಗೂ ಮಳೆ, ಬೆಳೆ, ಪೇಟೆ ಧಾರಣೆ ಎಂದು ಕೇಳುತ್ತಿದ್ದ. ಈಗ ಬರೀ ತಲೆ ಆಡಿಸುತ್ತಾನೆ.

ಇಷ್ಟೆಲ್ಲ ಫೋನಿನ ಕಾಲದಲ್ಲಿ ಇವಳು ಪತ್ರ ಯಾಕೆ ಬರೆಯುತ್ತಿದ್ದಾಳೆ ಎಂದು ನಿನಗೆ ಅನ್ನಿಸಬಹುದು. ಫೋನ್ ಮಾಡಿದರೆ ನೀನು ಪಾರ್ಟಿ ಜೊತೆ ಸೈಟಿನಲ್ಲಿದ್ದೇನೆ ಎಂದು ಇಟ್ಟುಬಿಡುತ್ತೀ. ವಾಟ್ಸಾಪಿನಲ್ಲಿ ಉದ್ದ ಬರೆದರೆ ಮೇಲಿನ ಎರಡು ಸಾಲು ಓದಿ ಒಂದು ಹೆಬ್ಬೆಟ್ಟು ಕಳಿಸುತ್ತೀ. ಪತ್ರವನ್ನು ನಡುವೆ ಕಟ್ ಮಾಡಲಿಕ್ಕೆ ಬರುವುದಿಲ್ಲ. ಹರಿದು ಹಾಕಬೇಕಾದರೂ ಅದನ್ನು ಕೈಯಲ್ಲಿ ಹಿಡಿಯಲೇಬೇಕು.

ನನಗೆ ಸಂತೋಷ ಕೊಟ್ಟ ಸುದ್ದಿಯಿಂದಲೇ ಶುರು ಮಾಡುತ್ತೇನೆ. ಡ್ರೋನ್ ತೆಗೆದುಕೊಂಡೆ. ನೀನು ಹೇಳಿದ್ದನ್ನೇ, ನೀನು ಹೇಳಿದ ಹಾಗೆಯೇ. ಅದರ ಕಥೆಯನ್ನು ಪೂರ್ತಿ ಬರೆಯಬೇಕೆಂದಿದ್ದೇನೆ, ಯಾಕೆಂದರೆ ಅದನ್ನು ಆರಿಸಿ ಕೊಟ್ಟವನು ನೀನೇ.

ನಮ್ಮ ಸ್ಟುಡಿಯೋದ ಕೆಲಸ ನಿನಗೆ ಗೊತ್ತು. ಅಕ್ಕಿಆಲೂರಿನಲ್ಲಿ ಹೆಣ್ಣುಮಗಳು ಕ್ಯಾಮೆರಾ ಹಿಡಿದರೆ ಯಾರು ಕರೆಯುತ್ತಾರೆ ಎಂದು ಮೊದಲು ಜನ ಅಂದರು. ಸವಣೂರಿನಲ್ಲಿ ಬ್ಯೂಟಿ ಪಾರ್ಲರ್ ಇಟ್ಟಿರುವ ನನ್ನ ಗೆಳತಿ ಮಾಹೀರಾ ಇದ್ದಾಳಲ್ಲ, ಅವಳು ಕೈ ಹಿಡಿದಳು. ಅವರ ಕಡೆಯ ಮದುವೆಗಳಲ್ಲಿ ಹೆಂಗಸರ ಪಾಲಿನ ಫೋಟೋ, ವಿಡಿಯೋ ಎಲ್ಲ ನನಗೇ ಕೊಡಿಸಿದಳು. ಹಾಗೆ ಒಂದರ ಹಿಂದೆ ಒಂದು ಮನೆಗಳು ಸಿಕ್ಕವು. ಆದರೆ ಈಗ ಒಂದು ವರ್ಷದಿಂದ ಯಾರೇ ಬರಲಿ, ಆಲ್ಬಂ ತೆರೆದು ನೋಡುವ ಮೊದಲೇ ಡ್ರೋನ್ ಇದೆಯೇ ಎಂದು ಕೇಳುತ್ತಾರೆ. ದುಂಡಸಿಯ ಒಂದು ದೊಡ್ಡ ಮದುವೆ ಮಾತಾಗಿ ಎಲೆ ಅಡಿಕೆ ಕೊಡುವ ತನಕ ಬಂದಿತ್ತು. ಡ್ರೋನ್ ಇಲ್ಲ ಎಂದಾಗ ಹುಡುಗನ ಅಕ್ಕ ಎದ್ದು ನಿಂತು ಸೀರೆಯ ನೆರಿಗೆ ಸರಿ ಮಾಡಿಕೊಂಡಳು. ಮುಗಿಯಿತು. ಅದೇ ವಾರ ಇವರು, ನಮ್ಮ ಮನೆಯವರು, ಗೂಡ್ಸ್ ಗಾಡಿಯ ರಿಪೇರಿಯನ್ನು ಮುಂದಕ್ಕೆ ಹಾಕಿ, ಮೊದಲು ನೀ ಅದನ್ನು ತೆಗೆದುಕೋ ಎಂದರು. ಮೈಲಾರಿ ಅಂಥ ಮನುಷ್ಯ. ನೀನು ಅವರನ್ನು ಡ್ರೈವರ್ ಎಂದೇ ಕರೆಯುತ್ತಿದ್ದೆ, ಇರಲಿ.

ತೆಗೆದುಕೋ ಎಂದರೆ ಯಾವುದನ್ನು? ನನಗೆ ಒಂದೂ ತಿಳಿಯದು. ಮೊಬೈಲಿನಲ್ಲಿ ನೋಡಿದರೆ ಎಲ್ಲದರ ಡಬ್ಬಿಯ ಮೇಲೂ ಫೋರ್-ಕೆ ಎಂದು ಬರೆದಿದೆ. ಕೈಗೆಟುಕುವ ಬೆಲೆಯದು ಒಂದು ಕಂಡಿತು, ಹೆಸರಿನ ಕೊನೆಗೆ ಪ್ರೋ ಎಂದು ಬೇರೆ ಇತ್ತು. ಅಂಥದನ್ನೇ ಸವಣೂರಿನಲ್ಲಿ ಮಾಹೀರಾಳ ಅಣ್ಣ ಮುಸ್ತಾಕ ತಂದಿದ್ದ, ನೋಡಿಯೇ ಬಿಡೋಣ ಎಂದು ಅವರ ಎಲೆತೋಟದ ಬಯಲಿಗೆ ಹೋದೆವು. ಏರಿದ್ದು ಏರಿತು, ಒಂದು ಗಾಳಿ ಬಂತು, ಆಮೇಲೆ ಅದು ಯಾರ ಮಾತನ್ನೂ ಕೇಳಲಿಲ್ಲ. ಮುಸ್ತಾಕ ರಿಮೋಟ್ ಹಿಡಿದುಕೊಂಡೇ ಓಡಿದ. ಬೇರೆಯವರ ತೋಟದಲ್ಲಿ ಸಿಕ್ಕಾಗ ರೆಕ್ಕೆ ಮುರಿದಿತ್ತು. ಅದರೊಳಗಿನ ವಿಡಿಯೋ ತೆಗೆದು ನೋಡಿದರೆ ನೆಲವೆಲ್ಲ ಭೂಕಂಪ ಆದ ಹಾಗೆ ನಡುಗುತ್ತಿತ್ತು. ಮದುವೆಮನೆಗೆ ಇಂಥದನ್ನು ಕೊಟ್ಟರೆ ಚಪ್ಪಲಿಯಲ್ಲಿ ಹೊಡೆಯುತ್ತಾರೆ ಎಂದು ಮಾಹೀರಾ ಅಂದಳು.

ಆಗ ನಿನ್ನ ನೆನಪಾಯಿತು. ನಿನ್ನ ಲೇಔಟುಗಳ ಜಾಹೀರಾತಿಗೆ ನೀನೇ ಡ್ರೋನ್ ಹಾರಿಸುತ್ತೀ ಎಂದು ಗೊತ್ತಿತ್ತು. ಹೊಲಮನೆ ಪಾಲಾಗಿ ವಾಟ್ನಿ ಆದಾಗಿನಿಂದ ನಾವಿಬ್ಬರೂ ಸರಿಯಾಗಿ ಮಾತಾಡಿರಲಿಲ್ಲ. ಮಾಡಲೋ ಬೇಡವೋ ಎಂದು ಫೋನನ್ನು ಬಹಳ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದೆ. ನೀನು ಎತ್ತಿದೆ. ಮುಸ್ತಾಕನ ಡ್ರೋನಿನ ಕಥೆ ಕೇಳಿ, "ಶೈಲಾ, ಅದು ಆಟಿಗಿ ಸಾಮಾನ. ಗಾಳಿ ಬಂತಂದ್ರ ಪತಂಗದಂಗ ಹೊಕ್ಕೈತಿ" ಎಂದು ನಕ್ಕೆ. ನಿನ್ನ ಆ ನಗು ಕೇಳಿ ಎಷ್ಟು ದಿನವಾಗಿತ್ತು. ನಾನು ಅಡಿಗೆಮನೆಯ ಕಟ್ಟೆಯ ಮೇಲೆ ಕುಳಿತುಬಿಟ್ಟೆ, ಒಲೆಯ ಮೇಲಿನ ಹಾಲು ಉಕ್ಕಿಹೋಯಿತು.

ಅಂದು ನೀನು ಹೇಳಿದ್ದೆಲ್ಲ ನನಗೆ ಇವತ್ತಿಗೂ ಬಾಯಿಪಾಠ. ಡಬ್ಬಿಯ ಮೇಲಿನ ಅಂಕಿ ನೋಡಬೇಡ, ಕ್ಯಾಮೆರಾವನ್ನು ಅಲುಗದಂತೆ ಹಿಡಿಯುವ ಗಿಂಬಲ್ ಇದೆಯೇ ನೋಡು, ಅದೂ ಮೂರೂ ದಿಕ್ಕಿಗೆ ತಿರುಗುವಂಥದೇ ನೋಡು ಎಂದೆ. ಇನ್ನೂರೈವತ್ತು ಗ್ರಾಮಿನ ಒಳಗಿನದನ್ನೇ ತೆಗೆದುಕೋ, ಹೊಸದಾಗಿ ಕಲಿಯುವವರಿಗೆ ಕಾಗದಪತ್ರದ ರಗಳೆ ಕಡಿಮೆ, ಬಿದ್ದರೂ ಯಾರ ತಲೆಯೂ ಒಡೆಯುವುದಿಲ್ಲ ಎಂದೆ. ಜಿಪಿಎಸ್ ಇರಲೇಬೇಕು, ಬ್ಯಾಟರಿ ಇಳಿದರೆ, ಸಿಗ್ನಲ್ ತಪ್ಪಿದರೆ ಅದು ಎಲ್ಲಿಂದ ಎದ್ದಿತ್ತೋ ಅಲ್ಲಿಗೇ ತಾನಾಗಿ ಬರಬೇಕು ಎಂದೆ. ಒಂದೇ ಬ್ಯಾಟರಿಯದು ತಂದರೆ ಅಕ್ಕಿಕಾಳು ಬೀಳುವುದರೊಳಗೆ ಖಾಲಿಯಾಗುತ್ತದೆ, ಬೆಲೆ ತುಸು ಹೆಚ್ಚಾದರೂ ಹೆಚ್ಚಿನ ಬ್ಯಾಟರಿ ಇರುವ ಸೆಟ್ ತಗೋ, ರೆಕ್ಕೆಗಳು ಹುಬ್ಬಳ್ಳಿಯಲ್ಲೇ ಸಿಗುತ್ತವೆಯೇ ಕೇಳಿಕೋ ಎಂದೆ. ಹಳೆಯದು ಅಗ್ಗಕ್ಕೆ ಕೊಡುತ್ತೇನೆ ಎಂದು ಯಾರಾದರೂ ಬಂದರೆ ಅದು ಎಷ್ಟು ಸಲ ಬಿದ್ದಿದೆ ಎಂದು ಅದರೊಳಗೆ ದಾಖಲಾದ ಹಾರಾಟದ ಲೆಕ್ಕವನ್ನೇ ತೆಗೆಸಿ ನೋಡು ಎಂದೆ. ಕೊನೆಗೆ ಹೇಳಿದ ಮಾತು ನನಗೆ ಬಹಳ ಹಿಡಿಸಿತು: "ಮೊದಲ ಇಳಿಸೂದು ಕಲಿ. ಹಾರಿಸೂದು ತಾನ ಬರ್ತೈತಿ." ಅಂಗಡಿಯಲ್ಲಿ ನಾನು ಇದನ್ನೆಲ್ಲ ಒಂದೊಂದಾಗಿ ಕೇಳಿದಾಗ ಅಲ್ಲಿದ್ದವನು, ನಿಮಗ ಯಾರು ಕಲಿಸಿದ್ರಿ ಮೇಡಂ ಎಂದ. ನಮ್ಮ ಅಣ್ಣ ಎಂದೆ. ಹಾಗೆ ಹೇಳುವಾಗ ನನಗೆ ಹೆಮ್ಮೆಯಾಗಿತ್ತು. ಈಗ ಬರೆಯುವಾಗ ಏನಾಗುತ್ತಿದೆ ಎಂದು ಹೇಳುವುದಿಲ್ಲ.

ಅಂದು ಫೋನಿನಲ್ಲಿ ನೀನು ಇನ್ನೊಂದು ಮಾತೂ ಹೇಳಿದ್ದೆ. ತಿಳವಳ್ಳಿಯಲ್ಲಿ ನೀನು ಬೀಜ ಬೆಳೆಯುವವರಿಗೆ ಕೊಟ್ಟ ನಮ್ಮ ಹೊಲದ ಕಡೆಗೆ ಮಾತ್ರ ಹಾರಿಸಬೇಡ ಎಂದಿದ್ದೆ. "ಬೀಜದ ಪ್ಲಾಟಿನವರು ಬಾಳ ಸೂಕ್ಷ್ಮ ಮಂದಿ. ಸುಮ್ಮನ ತಕರಾರ ಆಗ್ತೈತಿ." ನಾನು ಅದನ್ನೂ ತಂಗಿಯ ಮೇಲಿನ ಕಾಳಜಿ ಎಂದೇ ತಿಳಿದೆ.

ಕಲಿಯುವುದಕ್ಕೆ ತಿಂಗಳೊಪ್ಪತ್ತು ಹಿಡಿಯಿತು. ಕಾಲೇಜಿನ ಮೈದಾನ, ಗೋವಿನಜೋಳ ಕೊಯ್ದ ಹೊಲಗಳು, ಎಲ್ಲಿ ಬಯಲು ಸಿಕ್ಕರೆ ಅಲ್ಲಿ. ಅದರ ಬೆನ್ನು ನನ್ನ ಕಡೆಗಿದ್ದಾಗ ಸರಿ ಹೋಗುತ್ತಿತ್ತು, ಮುಖ ನನ್ನ ಕಡೆಗೆ ತಿರುಗಿದ ಕೂಡಲೇ ನನ್ನ ಎಡ ಬಲ ಎಲ್ಲ ಕಲಸಿಹೋಗುತ್ತಿತ್ತು. ಒಮ್ಮೆ ಬಣವೆಯ ಮೇಲೆ ಇಳಿಸಿದೆ. ಒಮ್ಮೆ ಯಾರದೋ ಎಮ್ಮೆ ಹಗ್ಗ ಕಿತ್ತುಕೊಂಡು ಓಡಿ, ಅದರ ಒಡತಿ ಸರೋಜವ್ವ ನನ್ನನ್ನು ಬೈದ ಬೈಗುಳ ಮೂರು ಓಣಿಗೆ ಕೇಳಿಸಿತು. ಆದರೆ ದೀಪಾವಳಿ ಬರುವ ಹೊತ್ತಿಗೆ ಅಂಗೈಯಗಲದ ಜಾಗದಲ್ಲಿ ಇಳಿಸುವಷ್ಟು ಕೈ ಕುದುರಿತ್ತು. ಅಪ್ಪ ಬಾಗಿಲಲ್ಲಿ ಕುಳಿತು ನೋಡುತ್ತಿದ್ದ. ಒಂದು ದಿನ ನಮ್ಮ ಓಣಿಯನ್ನೇ ಮೇಲಿನಿಂದ ತೋರಿಸಿದೆ. ತನ್ನ ತಲೆಯ ರುಮಾಲನ್ನು ತಾನೇ ಮೇಲಿನಿಂದ ಕಂಡು ಕೈಯೆತ್ತಿ ಮುಟ್ಟಿ ನೋಡಿಕೊಂಡ. ಆಮೇಲೆ ಕೇಳಿದ, ಇದರಿಂದ ಹೊಲ ಕಾಣುತ್ತದೆಯೇ ಎಂದು.

ಅಪ್ಪನಿಗೆ ಹೊಲ ಎಂದರೆ ಬೆಳೆ ಅಲ್ಲ ಎಂದು ನಿನಗೂ ಗೊತ್ತು, ನನಗೂ ಗೊತ್ತು. ಅವ್ವನನ್ನು ಮಣ್ಣಿಗೆ ಇಟ್ಟ ಬೇವಿನ ಮೂಲೆ. ಅದನ್ನು ಅವ್ವನೇ ಆರಿಸಿಕೊಂಡಿದ್ದಳು. ಕಸ ತೆಗೆದು ದಣಿದು ಅಲ್ಲೇ ಕುಳಿತು ರೊಟ್ಟಿ ಬಿಚ್ಚುತ್ತಿದ್ದಳಲ್ಲ, ಆಸ್ಪತ್ರೆಯಿಂದ ಮನೆಗೆ ಕಳಿಸಿದ ಮೇಲೆ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದ್ದಳು: "ನನ್ನ ಅಲ್ಲೇ ಇಡ್ರಿ. ಬದುವಿನ ಮ್ಯಾಲೆ ಹಾದು ಹೋಗೋ ಮಂದಿ ಮಾತಾಡಿಸಿ ಹೊಕ್ಕಾರ." ನೀನು ಅವಳ ಕೈ ಹಿಡಿದುಕೊಂಡಿದ್ದೆ. ವಾಟ್ನಿಯ ದಿನವೂ ಅಪ್ಪ ಹೊಲವನ್ನೆಲ್ಲ ನಿನ್ನ ಹೆಸರಿಗೆ ಮಾಡಿ, ನಿನ್ನಲ್ಲಿ ಕೇಳಿಕೊಂಡದ್ದು ಅದೊಂದೇ. ಅವ್ವನ ಹೆಸರು ಹಿಡಿದು, ಶೇಖವ್ವನ ಮೂಲೆಗೆ ಕೈ ಹಚ್ಚಬೇಡ ಎಂದ. ನೀನು ಊರ ಹಿರಿಯರ ಮುಂದೆ ಅಪ್ಪನ ಕಾಲು ಮುಟ್ಟಿ ಹೂಂ ಎಂದೆ. ನಾನು ಪಾಲು ಬೇಡ ಎಂದು ಸಹಿ ಮಾಡಿದೆ. ಆಮೇಲೆ ನೀನು ಹಿರೇಕೆರೂರು ಕಡೆಯ ಬೀಜದವರಿಗೆ ಹೊಲವನ್ನು ಗುತ್ತಿಗೆ ಮಾತಾಡಿ ಲಾವಣಿಗೆ ಕೊಟ್ಟೆ. ಸುತ್ತ ತಂತಿ ಬೇಲಿ, ಅದರ ಮೇಲೆ ಹಸಿರು ಪರದೆ, ಗೇಟಿಗೆ ಕೀಲಿ. ಬೇರೆ ಹೂವಿನ ಪರಾಗ ತಾಕಿದರೆ ಬೆಂಡೆಯ ಬೀಜ ಕೆಡುತ್ತದೆ, ಹೊರಗಿನ ಮಂದಿಯನ್ನು ಬಿಡುವುದಿಲ್ಲ ಎಂದೆ. ಸೀಗೆ ಹುಣ್ಣಿಮೆಗೆ ಹೊಲಕ್ಕೆ ಚರಗದ ಅನ್ನ ಚೆಲ್ಲಲು ಹೋಗಬೇಕೆಂದು ಅಪ್ಪ ಹಟ ಹಿಡಿದಾಗ, ಬೆಳೆ ಮುಗಿಯಲಿ, ಆಮೇಲೆ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ ಎಂದೆ. ಅದಕ್ಕೂ ಮೊದಲು ಮಾನವಮಿ ಅಮಾವಾಸ್ಯೆಗೆ ನೀನೇ ಎಡೆ ಇಟ್ಟು ಬಂದೆನೆಂದು ಸಮಾಧಿಯ ಫೋಟೋ ಕಳಿಸಿದ್ದೆ. ಕಟ್ಟೆಯ ಮೇಲೆ ಹೂವು, ಮುರಿದ ತೆಂಗಿನಕಾಯಿ, ಹಿಂದೆ ಬೇವಿನ ಟೊಂಗೆ. ಅಪ್ಪ ಅದನ್ನು ಎಷ್ಟು ಸಲ ತೆರೆಸಿ ನೋಡಿದನೋ, ನನಗೆ ಬೇಸರ ಬರುವಷ್ಟು.

ಹೋದ ಭಾನುವಾರದ ಹಿಂದಿನ ಭಾನುವಾರ ಮೈಲಾರಿಯ ಗಾಡಿಗೆ ಬಾಡಿಗೆ ಇರಲಿಲ್ಲ. ಅಪ್ಪ ಮುಂಜಾನೆಯೇ ಸ್ನಾನ ಮಾಡಿ, ಒಗೆದ ಅಂಗಿ ಹಾಕಿಕೊಂಡು ಕುಳಿತಿದ್ದ. ನಿನ್ನ ಮಾತು ನನಗೆ ನೆನಪಿತ್ತು. ಹೊಲದೊಳಗೆ ಕಾಲಿಡುವುದಿಲ್ಲ, ರಸ್ತೆಯ ಮೇಲೆ ನಿಂತು ಸ್ವಲ್ಪ ಎತ್ತರದಿಂದ ಅವ್ವನ ಮೂಲೆ ಒಂದನ್ನು ತೋರಿಸಿ ಬರುವುದು, ಯಾರ ಬೀಜ ಏನು ಕೆಡುತ್ತದೆ ಎಂದುಕೊಂಡೆ. ನಾನೇ ಎಡೆ ಕಟ್ಟಿಕೊಂಡೆ. ಕಡುಬು, ಪುಂಡಿ ಪಲ್ಲೆ, ಅವ್ವನಿಗೆ ಸೇರುತ್ತಿದ್ದ ಹುಚ್ಚೆಳ್ಳು ಚಟ್ನಿ. ಅದನ್ನು ಬೇಲಿಯ ಹೊರಗೇ ಇಟ್ಟು ಕೈ ಮುಗಿದರಾಯಿತು ಎಂದು ಅಪ್ಪ ಅಂದ. ಮುಂದಿನ ಸೀಟಿನಲ್ಲಿ ಕೂರಿಸಿ, ವಾಕರನ್ನು ಹಿಂದೆ ಹಾಕಿಕೊಂಡು ಹೋದೆವು. ದಾರಿಯುದ್ದಕ್ಕೂ ಅಪ್ಪ ಮಾತಾಡಿದ. ಯಾರ ಹೊಲದಲ್ಲಿ ಭತ್ತ ಎಷ್ಟು ತೆನೆ ಹಿಡಿದಿದೆ, ಯಾರು ಬದುವನ್ನು ತಿಂದಿದ್ದಾರೆ, ಎಲ್ಲಾ.

ಗೇಟಿನ ಹತ್ತಿರ ಕಾವಲಿಗೆ ಉಡಚಪ್ಪ ಎಂಬವನಿದ್ದ. ವಯಸ್ಸಾದವನು, ಅಪ್ಪನನ್ನು ನೋಡಿ ಎದ್ದು ನಿಂತು ಕೈ ಮುಗಿದ, ಆದರೆ ಕೀಲಿಕೈಯನ್ನು ಜೇಬಿನಿಂದ ತೆಗೆಯಲಿಲ್ಲ. "ಒಳಗ ಬಿಡಾಕ ಬರಂಗಿಲ್ರಿ ಯಜಮಾನ್ರ. ನಿಮ್ಮ ಮಗಾರ ಹೇಳಿಟ್ಟಾರ." ಬೀಜದವರು ಎನ್ನಲಿಲ್ಲ, ನಿಮ್ಮ ಮಗ ಎಂದ. ಅದು ಆಗಲೂ ನನಗೆ ತಟ್ಟಲಿಲ್ಲ. ಅಪ್ಪ ಬೇಸರ ಮಾಡಿಕೊಳ್ಳದೆ, ನಿನ್ನ ಕೆಲಸ ನೀ ಮಾಡು ತಮ್ಮಾ, ನಾವು ಇಲ್ಲೇ ರಸ್ತೆಯ ಮೇಲಿರುತ್ತೇವೆ ಎಂದ. ನಾನು ರಸ್ತೆಯ ಅಂಚಿನ ಸಪಾಟು ಕಲ್ಲಿನ ಮೇಲೆ ಡ್ರೋನ್ ಇಟ್ಟು ಏರಿಸಿದೆ. ಫೋನಿನ ಪರದೆ ಅಪ್ಪನಿಗೆ ಕಾಣುವಂತೆ ಗಾಡಿಯ ಬಾಗಿಲಿಗೆ ಆತುಕೊಂಡು ನಿಂತೆ.

ಅಣ್ಣಾ, ಮೊದಲ ಸ್ವಲ್ಪ ಹೊತ್ತು ಅಪ್ಪನ ಮುಖವನ್ನು ನೀನು ನೋಡಬೇಕಿತ್ತು. ಜೀವಮಾನವೆಲ್ಲ ಎತ್ತಿನ ಬಾಲದ ಹಿಂದೆ ನಡೆದ ಹೊಲ, ಅದನ್ನು ಅವನು ಹಾಗೆ ಇಡಿಯಾಗಿ ಯಾವತ್ತೂ ನೋಡಿರಲಿಲ್ಲ. ಬೆರಳಿಟ್ಟು ತೋರಿಸಿದ. ಇದು ನಮ್ಮ ಬಾವಿ. ಇದು ನೀರು ಹಾಯುವ ಕಾಲುವೆ. ಇಲ್ಲಿ ಮಣ್ಣು ಕರಿದು, ಇಲ್ಲಿ ಕೆಂಪು, ಮೇಲಿನಿಂದ ಎಷ್ಟು ಚೆಂದ ಗೊತ್ತಾಗುತ್ತದೆ ನೋಡು ಎಂದ. ಬೆಂಡೆಯ ಸಾಲುಗಳು ಬಾಚಣಿಗೆಯಲ್ಲಿ ಬಾಚಿದ ಹಾಗಿದ್ದವು. ಚೊಲೋ ಮಾಡ್ಯಾರ ಎಂದು ಬೀಜದವರನ್ನು ಹೊಗಳಿದ. ನಾನು ನಿಧಾನ ಬಾವಿಯನ್ನು ದಾಟಿಸಿ ಮೂಲೆಯ ಕಡೆಗೆ ಒಯ್ದೆ. ಪರದೆಯ ಮೇಲೆ ಬೇವಿನ ಮರ ಬರಲಿಲ್ಲ. ಕರಿ ಪ್ಲಾಸ್ಟಿಕ್ ಹಾಸಿದ ಚೌಕದ ಹೊಂಡ ಬಂತು, ಅದರ ತುಂಬ ನೀರು, ನೀರಿನಲ್ಲಿ ಮೋಡ.

"ಇದು ನಮ್ಮ ಹೊಲ ಅಲ್ಲ. ಆ ಕಡೆ ಹೊಳ್ಳಿಸು," ಎಂದ ಅಪ್ಪ. ನಾನು ಹೊಳ್ಳಿಸಿದೆ. ಬಾವಿ ಬಂತು, ಕಾಲುವೆ ಬಂತು. ಮತ್ತೆ ಮೂಲೆಗೆ ತಂದೆ. ಮತ್ತೆ ಹೊಂಡವೇ ಬಂತು. ಇನ್ನೂ ಕೆಳಗಿಳಿಸಿದೆ. ಕಟ್ಟೆಯ ಒಂದು ಕಲ್ಲಾದರೂ ಕಾಣಬಹುದೆಂದು ಹೊಂಡದ ದಡವನ್ನೆಲ್ಲ ಸುತ್ತಿಸಿದೆ. ಅಲ್ಲಿ ಒಂದು ಪಂಪ್‌ಸೆಟ್ಟು, ಒಂದಿಷ್ಟು ಪೈಪು, ಯಾರೋ ಬಿಟ್ಟ ಚಪ್ಪಲಿ. ಅಪ್ಪ ಪರದೆಗೆ ಮುಖವನ್ನು ಬಹಳ ಹತ್ತಿರ ತಂದ. ಆಮೇಲೆ ನನ್ನನ್ನು ನೋಡಿ ಕೇಳಿದ:

"ಅಕಿ ಎಲ್ಲಿ ಅದಾಳ?"

ಬ್ಯಾಟರಿ ಇಳಿಯಿತೆಂದು ರಿಮೋಟ್ ಕೂಗಲು ಶುರು ಮಾಡಿತು. ನಾನು ಏನೂ ಮಾಡದೆ ನಿಂತಿದ್ದೆ, ಡ್ರೋನ್ ತಾನೇ ಎತ್ತರಕ್ಕೇರಿ, ಬೇಲಿ ದಾಟಿ, ಎದ್ದ ಕಲ್ಲಿನ ಮೇಲೆಯೇ ಬಂದು ಇಳಿಯಿತು. ನೀನು ಆರಿಸಿದ್ದು ಒಳ್ಳೆಯ ಡ್ರೋನ್, ಅಣ್ಣಾ. ಎಲ್ಲವೂ ಎಷ್ಟು ಸ್ಪಷ್ಟ ಕಾಣುತ್ತದೆ ಎಂದರೆ ಸುಳ್ಳೇ ಹೇಳಲಿಕ್ಕೆ ಬರುವುದಿಲ್ಲ.

ಉಡಚಪ್ಪ ಹತ್ತಿರ ಬಂದಿದ್ದ. ನಮ್ಮ ಮುಖ ನೋಡಿ ಅವನಿಗೇ ಹೆದರಿಕೆಯಾಯಿತು. ನಿಮಗೆಲ್ಲ ಗೊತ್ತಿದೆ ಎಂದುಕೊಂಡಿದ್ದೆ, ಬೇರೆ ಕಡೆ ಇಟ್ಟು ಶಾಸ್ತ್ರ ಮಾಡಿದ್ದೀರಿ ಎಂದುಕೊಂಡಿದ್ದೆ ಎಂದು ಮತ್ತೆ ಮತ್ತೆ ಹೇಳಿದ. ಅವನಿಂದ ಬಿಡಿಸಿ ಬಿಡಿಸಿ ಕೇಳಿ ತಿಳಿದದ್ದು ಇಷ್ಟು. ಆ ಮೂಲೆ ತಗ್ಗಿನಲ್ಲಿದೆ, ಹೊಲದ ನೀರೆಲ್ಲ ಹರಿದು ಅಲ್ಲಿಗೇ ಬರುತ್ತದೆ. ಹೊಂಡ ಅಲ್ಲಿ ಆದರೆ ಮಾತ್ರ ಲಾವಣಿ ಮುಂದುವರಿಸುತ್ತೇವೆ, ಇಲ್ಲವೆಂದರೆ ಬೇರೆ ಹೊಲ ನೋಡುತ್ತೇವೆ ಎಂದು ಬೀಜದವರು ಅಂದರಂತೆ. ಹಾಗಾಗಿ ಬೇಸಿಗೆಯಲ್ಲೇ ಜೆಸಿಬಿ ಬಂತು. ಮೊದಲು ಬೇವು ಕಡಿದರು. ಜೆಸಿಬಿಯವನು ಕಟ್ಟೆಯನ್ನು ಕಂಡು ಯಂತ್ರ ನಿಲ್ಲಿಸಿ ಕೆಳಗಿಳಿದನಂತೆ. ನೀನು ಅವನನ್ನು ಪಕ್ಕಕ್ಕೆ ಕರೆದು ಏನೋ ಮಾತಾಡಿದೆಯಂತೆ. ಆಮೇಲೆ ಅವನು ಮತ್ತೆ ಹತ್ತಿದನಂತೆ. ನೀನು ಕೊಡೆ ಹಿಡಿದುಕೊಂಡು ಮುಗಿಯುವ ತನಕ ನಿಂತಿದ್ದೆಯಂತೆ, ಬಿಸಿಲು ಬಹಳ ಇತ್ತಂತೆ.

ಅಪ್ಪ ಉಡಚಪ್ಪನನ್ನು ಕೇಳಿದ್ದು ಒಂದೇ. "ಎಷ್ಟು ಆಳ ತೋಡ್ಯಾರ?"

"ಎರಡಾಳು ಆಗ್ತೈತ್ರಿ ಯಜಮಾನ್ರ."

ಅವ್ವನನ್ನು ನಾವು ಇಟ್ಟದ್ದು ಒಂದಾಳಿನ ಗುಣಿಯಲ್ಲಿ. ಗುಣಿಗೆ ಇಳಿದು ಮಣ್ಣು ಸವರಿದವನು ನೀನೇ. ಅಪ್ಪ ಕಣ್ಣು ಮುಚ್ಚಿಕೊಂಡು ಸೀಟಿಗೆ ಒರಗಿದ. ಎಡೆಯನ್ನು ಬೇಲಿಯ ಬಳಿ ಇಡಲೇ ಎಂದು ಕೇಳಿದೆ. ಬೇಡ ಎಂದು ಕೈಯಾಡಿಸಿದ. ತಿರುಗಿ ಬರುವಾಗ ಅದು ನನ್ನ ತೊಡೆಯ ಮೇಲೇ ಇತ್ತು. ಮನೆಗೆ ಬಂದ ಮೇಲೆ ಅದನ್ನು ಏನು ಮಾಡಬೇಕೆಂದು ತಿಳಿಯದೆ ಸಂಜೆಯ ತನಕ ದೇವರ ಮುಂದೆ ಇಟ್ಟೆ, ಆಮೇಲೆ ಆಕಳಿಗೆ ಹಾಕಿದೆ.

ಅಂದೇ ಮಧ್ಯಾಹ್ನ ನಿನಗೆ ಫೋನ್ ಮಾಡಿದ್ದೆ, ನೆನಪಿದೆಯೇ. ನಾನು ಕಿರುಚಲಿಲ್ಲ, ಅಳಲೂ ಇಲ್ಲ. ಅವ್ವನ ಮೂಲೆ ನೋಡಿ ಬಂದೆವು ಎಂದಷ್ಟೇ ಹೇಳಿದೆ. ನೀನು, "ಹಾರಿಸಬ್ಯಾಡ ಅಂತ ಹೇಳಿದ್ದೆ ಹೌದಿಲ್ಲ?" ಎಂದೆ. ಆಮೇಲೆ, "ಅಲ್ಲೇನಿತ್ತು ಶೈಲಾ? ಒಂದ ಕಟ್ಟಿ ಇತ್ತು" ಎಂದೆ. ಮತ್ತೆ ಮಾತಾಡೋಣ, ಪಾರ್ಟಿ ಬಂದಿದ್ದಾರೆ ಎಂದು ಇಟ್ಟೆ. ಅದಾದ ಮೇಲೆ ನೀನು ಫೋನ್ ಎತ್ತಿಲ್ಲ. ವೈನಿ ಒಮ್ಮೆ ಎತ್ತಿ, ಅವರು ಸ್ನಾನಕ್ಕೆ ಹೋಗಿದ್ದಾರೆ ಎಂದರು. ಹಿಂದೆ ನಿನ್ನ ಕೆಮ್ಮು ಕೇಳಿಸುತ್ತಿತ್ತು.

ಆ ದಿನ ಸಂಜೆ ನೀನು ಅಮಾವಾಸ್ಯೆಗೆ ಕಳಿಸಿದ ಫೋಟೋವನ್ನು ನಾನು ಮತ್ತೆ ತೆರೆದೆ. ಇದೇ ಕಸುಬಿನಲ್ಲಿ ಅನ್ನ ತಿನ್ನುವವಳು ನಾನು, ಆದರೂ ಅಂದು ಅದನ್ನು ಫೋಟೋ ಎಂದು ನೋಡಿರಲಿಲ್ಲ, ಅವ್ವ ಎಂದು ನೋಡಿದ್ದೆ. ಈಗ ನೋಡಿದರೆ ಹಿಂದಿನ ಬೇವಿನ ಟೊಂಗೆಯ ತುಂಬ ಹೂವು. ಬೇವು ಹೂ ಬಿಡುವುದು ಯುಗಾದಿಯ ಸುಮಾರಿಗೆ. ಮಾನವಮಿ ಅಮಾವಾಸ್ಯೆಯ ಹೊತ್ತಿಗೆ ಆ ಮರ ಸೌದೆಯಾಗಿ ಯಾರ ಒಲೆಯಲ್ಲಿ ಉರಿದುಹೋಗಿತ್ತೋ. ಹಳೆಯ ಫೋಟೋವನ್ನು ಹುಡುಕಿ ತೆಗೆದು, ನಾಲ್ಕು ಸಾಲು ಭಕ್ತಿಯಿಂದ ಬರೆದು, ಕಾಲು ಮುರಿದುಕೊಂಡು ಕುಳಿತ ಮುದುಕನಿಗೆ ಕಳಿಸುವಾಗ ನಿನಗೆ ಏನನ್ನಿಸಿತು ಎಂದು ನಾನು ಬಹಳ ಯೋಚಿಸಿದೆ. ಏನೂ ಅನ್ನಿಸಲಿಲ್ಲ ಎಂದಾದರೆ ನನಗೆ ಭಯ. ಅನ್ನಿಸಿಯೂ ಕಳಿಸಿದೆ ಎಂದಾದರೆ ಇನ್ನೂ ಭಯ. ಕಷ್ಟವಿತ್ತು, ಲಾವಣಿ ಬೇಕಿತ್ತು ಎಂದಿದ್ದರೆ ಅಪ್ಪನಿಗೆ ಒಂದು ಮಾತು ಹೇಳಬಹುದಿತ್ತು. ಅಪ್ಪ ಒಕ್ಕಲುತನ ಮಾಡಿದವನು, ತಗ್ಗಿಗೆ ನೀರು ಹರಿಯುತ್ತದೆ ಎಂಬುದು ಅವನಿಗೆ ತಿಳಿಯದೆ? ನಾವೇ ಬಂದು, ಕೈ ಮುಗಿದು, ಅವಳನ್ನು ಎತ್ತಿ ಬೇರೆ ಕಡೆ ಮಲಗಿಸುತ್ತಿದ್ದೆವು. ಎಲುಬಾದರೂ ಸಿಗುತ್ತಿದ್ದವು.

ಊರವರಿಗೆ ನಾವು ಏನೂ ಹೇಳಿಲ್ಲ. ಹಿರಿಯರನ್ನು ಕೂಡಿಸೋಣ ಎಂದು ಮೈಲಾರಿ ಅಂದರು. ಅಪ್ಪ ಒಪ್ಪಲಿಲ್ಲ. ಆ ದಿನದಿಂದ ಅವನು ನಿನ್ನ ಹೆಸರು ಎತ್ತಿರಲಿಲ್ಲ, ನಾವು ಎತ್ತಿದರೆ ಗೋಡೆಯ ಕಡೆಗೆ ಹೊಳ್ಳುತ್ತಿದ್ದ. ನಿನ್ನೆ ನಾನು ಒಂದು ಮದುವೆಯ ವಿಡಿಯೋ ಕೂಡಿಸುತ್ತ ಕುಳಿತಿದ್ದೆ. ಅಪ್ಪ ವಾಕರ್ ಹಿಡಿದು ನನ್ನ ಹಿಂದೆ ಬಂದು ನಿಂತು, ನೀ ಸಾಗರನಿಗೆ ಏನಾದರೂ ಬರೆಯುವವಳಿದ್ದೀಯೇನು ಎಂದ. ಹೌದು ಎಂದೆ.

"ನಾ ನೋಡೇನಿ ಅಂತ ಬರಿ. ಮತ್ತೇನೂ ಬರೀಬ್ಯಾಡ."

ನಾನು ಇಷ್ಟೆಲ್ಲ ಬರೆದುಬಿಟ್ಟೆ. ಅಪ್ಪ ಬರೆಯಿಸಿದ್ದು ಆ ಒಂದು ಮಾತು ಮಾತ್ರ, ಉಳಿದದ್ದು ನನ್ನದು ಎಂದು ತಿಳಿದುಕೋ. ಬೈಗುಳ ಎಂದು ಕಂಡರೆ ಅದೂ ನನ್ನದೇ. ಡ್ರೋನ್ ಹಾರಿಸುವುದನ್ನು ನಾನು ಬಿಟ್ಟಿಲ್ಲ. ಸೀಜನ್ ಶುರುವಾಗಿದೆ, ಬರುವ ವಾರ ಸವಣೂರಿನಲ್ಲಿ ಮಾಹೀರಾಳ ಸೋದರತ್ತೆ ನೂರಜಹಾನಳ ಮಗಳ ಮದುವೆ ಇದೆ, ಹೋಗಲೇಬೇಕು.

ವೈನಿಗೆ ನನ್ನ ನಮಸ್ಕಾರ ಹೇಳು. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೆ ಎಷ್ಟು ಗೊತ್ತಿದೆ ಎಂಬುದೂ ನನಗೆ ತಿಳಿಯದು. ಪುಟ್ಟಿಗೆ ಅತ್ತೆಯ ಮುತ್ತು. ಅವಳಿಗೆ ಅಜ್ಜಿಯ ಹೆಸರನ್ನೇ ಇಟ್ಟಿದ್ದೀರಿ, ಆ ಹೆಸರಿನಿಂದ ದಿನಕ್ಕೊಮ್ಮೆಯಾದರೂ ಕರೆಯಿರಿ. ನಿನ್ನ ಸೊಂಟ ಬೇಗ ನೆಟ್ಟಗಾಗಲಿ. ಇದನ್ನು ನಾನು ಮನಸ್ಸಿನಿಂದಲೇ ಬರೆಯುತ್ತಿದ್ದೇನೆ.

ನಿನ್ನ ತಂಗಿ,
ಶೈಲಶ್ರೀ

ತಾ.ಕ.: ಪೋಸ್ಟಿಗೆ ಹೊರಟವಳು ನಿಂತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿವೆ. ಇಷ್ಟು ಬರೆದದ್ದು ನಿಜವಾಗಿ ಇದನ್ನು ಕೇಳಲಿಕ್ಕೆ. ಮೈಲಾರಿ ಮೊನ್ನೆ ಮತ್ತೆ ಹೋಗಿ ಉಡಚಪ್ಪನನ್ನು ಕಂಡು ಬಂದರು. ಹೊಂಡದ ಮಣ್ಣನ್ನು ಎರಡು ಟ್ರ್ಯಾಕ್ಟರುಗಳು ಹೊತ್ತವಂತೆ. ಒಂದು ಕೆರೆಯ ಏರಿಗೆ ಹಾಕಿ ಬಂತಂತೆ, ಇನ್ನೊಂದು ಇಟ್ಟಿಗೆ ಭಟ್ಟಿಗೆ ಹೋಯಿತಂತೆ. ಅವ್ವನ ಕಟ್ಟೆ ಇದ್ದ ಕಡೆಯ ಮಣ್ಣು ಯಾವುದಕ್ಕೆ ತುಂಬಿತು ಎಂಬುದು ಅವನಿಗೆ ಗೊತ್ತಿಲ್ಲ. ನೀನು ಅಲ್ಲೇ ನಿಂತಿದ್ದೆ. ಏರಿಗೆ ಹೋಗಿದ್ದರೆ ಒಂದು ಹಿಡಿ ತಂದು ಅಪ್ಪನ ಕೈಯಲ್ಲಿ ಇಡುತ್ತೇನೆ. ಫೋನ್ ಮಾಡಬೇಡ, ಅಪ್ಪ ಎದುರಿಗೇ ಇರುತ್ತಾನೆ. ಒಂದು ಕಾರ್ಡಿನಲ್ಲಿ ಬರೆದರೆ ಸಾಕು. ಅವ್ವ ಯಾವ ಟ್ರ್ಯಾಕ್ಟರಿನಲ್ಲಿ ಹೋದಳು?